ಪರೀಕ್ಷೆಗಿಂತ ಸಹಿ ಕಷ್ಟ: ಅಮೆರಿಕದಲ್ಲಿ ಪಿ.ಇ. ಪರವಾನಗಿಯ ದಾರಿ

ಪರೀಕ್ಷಾ ಕೇಂದ್ರದ ಮೇಜಿನ ಹಿಂದಿದ್ದಾಕೆ ಪಾಸ್‌ಪೋರ್ಟ್ ನೋಡಿದಳು, ಕಂಪ್ಯೂಟರ್ ಪರದೆ ನೋಡಿದಳು, ಮತ್ತೆ ಪಾಸ್‌ಪೋರ್ಟ್ ನೋಡಿದಳು. ಅಲ್ಲಿ ಹೆಸರು ಒಂದು ಥರ, ಇಲ್ಲಿ ಇನ್ನೊಂದು ಥರ. ಆರು ತಿಂಗಳು ಮಗು ಮಲಗಿದ ಮೇಲೆ ರಾತ್ರಿ ಕೂತು ಓದಿ, ಇನ್ನೂರು ಚಿಲ್ಲರೆ ಡಾಲರ್ ಶುಲ್ಕ ಕಟ್ಟಿ, ಒಂದೂವರೆ ಗಂಟೆ ಕಾರು ಓಡಿಸಿಕೊಂಡು ಬಂದಿದ್ದ ನಮ್ಮ ಕಡೆಯ ಹೆಣ್ಣುಮಗಳು ಪರೀಕ್ಷೆ ಬರೆಯದೆ ಮನೆಗೆ ವಾಪಸಾದಳು. ಖಾತೆ ತೆರೆಯುವಾಗ ಅವಳು ಅಂಕಪಟ್ಟಿಯಲ್ಲಿದ್ದಂತೆ ಹೆಸರು, ಅದರ ಮುಂದೆ ಎರಡು ಇನಿಷಿಯಲ್ ಬರೆದಿದ್ದಳು. ಪಾಸ್‌ಪೋರ್ಟಿನಲ್ಲಿ ಆ ಇನಿಷಿಯಲ್‌ಗಳು ಬಿಚ್ಚಿಕೊಂಡು ಊರಿನ ಹೆಸರೂ ಅಪ್ಪನ ಹೆಸರೂ ಆಗಿದ್ದವು. "ಬೀಮಿನ ಲೆಕ್ಕಕ್ಕೆ ಹೆದರಿದ್ದೆ, ಹೆಸರಿನಲ್ಲೇ ಫೇಲಾದೆ ನೋಡಿ" ಅಂದಳು ಆಮೇಲೆ ಫೋನಿನಲ್ಲಿ.

ಅವಳು ಬರೆಯಹೊರಟಿದ್ದು ಎಫ್.ಇ. ಎಂಬ ಪರೀಕ್ಷೆ. ಅಮೆರಿಕದಲ್ಲಿ 'ಪ್ರೊಫೆಷನಲ್ ಎಂಜಿನಿಯರ್', ಅಂದರೆ ಪಿ.ಇ., ಪರವಾನಗಿ ಪಡೆಯುವ ದಾರಿಯ ಮೊದಲ ಬಾಗಿಲು ಅದು. ಈ ದಾರಿಯಲ್ಲಿ ಕಪ್ಪು ಜನಾಂಗದವರು, ಹಿಸ್ಪಾನಿಕ್ ಸಮುದಾಯದವರು, ಹೆಂಗಸರು ಮತ್ತು ನಮ್ಮಂಥ ವಲಸಿಗರು ಎಡವುವುದು ಹೆಚ್ಚಾಗಿ ಗಣಿತದಲ್ಲಲ್ಲ. ಕಾಗದಪತ್ರದಲ್ಲಿ ಎಡವುತ್ತಾರೆ, ಇಲ್ಲವೇ ಸಹಿ ಹಾಕುವ ಮನುಷ್ಯ ಸಿಗದೆ ನಿಲ್ಲುತ್ತಾರೆ. ಆದ್ದರಿಂದ ಪುಸ್ತಕ ತೆರೆಯುವ ಮೊದಲು ತಿಳಿದುಕೊಳ್ಳಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಬಿ.ಇ. ಮುಗಿಸಿದವನು ಆ ಸಂಜೆಯಿಂದಲೇ ಎಂಜಿನಿಯರ್. ವಕೀಲರಿಗೆ ಬಾರ್ ಕೌನ್ಸಿಲ್ ಇದೆ, ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆ ಇದೆ. ಎಂಜಿನಿಯರ್‌ಗೆ ಮಾತ್ರ ಇಡೀ ದೇಶಕ್ಕೆ ಅನ್ವಯವಾಗುವ ಪರವಾನಗಿ ಕಾನೂನು ಇಲ್ಲ. ಹಾಗಾಗಿ ಅಲ್ಲಿಗೆ ಹೋದವರಿಗೆ ಇದೊಂದು ಹೊಸ ಲೋಕ. ಅಮೆರಿಕದಲ್ಲಿ ಇದನ್ನು ಶುರುಮಾಡಿದ್ದು 1907ರಲ್ಲಿ ವಯೋಮಿಂಗ್ ರಾಜ್ಯ. ನೀರಿನ ಹಕ್ಕಿಗಾಗಿ ಸಲ್ಲಿಸುವ ನಕ್ಷೆಗಳನ್ನು ವಕೀಲರು ಮತ್ತಿತರರು ತೋಚಿದಂತೆ ಬರೆದು ಎಂಜಿನಿಯರೆಂದು ಸಹಿ ಹಾಕುತ್ತಿದ್ದರಂತೆ. ಅದನ್ನು ನಿಲ್ಲಿಸಲು ಬಂದ ಕಾನೂನು ಮುಂದೆ 50 ರಾಜ್ಯಗಳಿಗೂ ಹಬ್ಬಿತು. ಪರೀಕ್ಷೆ ನಡೆಸುವುದು ಎನ್‌ಸಿಇಇಎಸ್ ಎಂಬ ಒಂದೇ ಸಂಸ್ಥೆ. ಪರವಾನಗಿ ಕೊಡುವುದು ಆಯಾ ರಾಜ್ಯದ ಮಂಡಳಿ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ. ಗೊಂದಲದ ಅರ್ಧ ಪಾಲು ಇಲ್ಲಿಂದಲೇ ಹುಟ್ಟುತ್ತದೆ.

ಎಲ್ಲರಿಗೂ ಇದು ಬೇಕೇ? ಬೇಡ. ಕಾರಿನ ಕಂಪನಿಯಲ್ಲೋ ಚಿಪ್ ತಯಾರಿಸುವ ಕಡೆಯೋ ಕೆಲಸ ಮಾಡುವವರಿಗೆ ಬಹುತೇಕ ರಾಜ್ಯಗಳಲ್ಲಿ ವಿನಾಯಿತಿ ಇದೆ. ಸಾಫ್ಟ್‌ವೇರ್‌ನವರಿಗೆ ಅಂತಲೇ 2013ರಲ್ಲಿ ಒಂದು ಪಿ.ಇ. ಪರೀಕ್ಷೆ ತಂದರು. ಬರೆಯುವವರೇ ಇಲ್ಲದೆ 2019ರಲ್ಲಿ ನಿಲ್ಲಿಸಿದರು. ಆದರೆ ನೀವು ಸಿವಿಲ್ ಆಗಿದ್ದರೆ, ಸೇತುವೆ, ರಸ್ತೆ, ಕುಡಿಯುವ ನೀರು, ಒಳಚರಂಡಿ, ಕಟ್ಟಡದ ಎಲೆಕ್ಟ್ರಿಕಲ್ ಅಥವಾ ಹವಾನಿಯಂತ್ರಣದ ವಿನ್ಯಾಸದಲ್ಲಿದ್ದರೆ, ಪಿ.ಇ. ಇಲ್ಲದೆ ಒಂದು ಹಂತದ ಮೇಲೆ ಏರುವುದು ಕಷ್ಟ. ನಕ್ಷೆಗೆ ಮುದ್ರೆ ಒತ್ತುವ ಅಧಿಕಾರ ಇಲ್ಲದವರು ಹದಿನೈದು ವರ್ಷ ಲೆಕ್ಕ ಹಾಕಿದರೂ ಮುದ್ರೆ ಬೇರೆಯವರದೇ.

ವಿಸಿಟಿಂಗ್ ಕಾರ್ಡಿನ ವಿಷಯದಲ್ಲೂ ಎಚ್ಚರ ಬೇಕು. ಆರೆಗಾನ್ ರಾಜ್ಯದಲ್ಲಿ ಸ್ವೀಡನ್ ಮೂಲದ ಮ್ಯಾಟ್ಸ್ ಯಾರ್ಲ್‌ಸ್ಟ್ರಾಮ್ ಎಂಬುವರು, ಹೆಂಡತಿಗೆ ಬಂದ ಕೆಂಪುದೀಪದ ದಂಡದಿಂದ ಶುರುಮಾಡಿ, ಹಳದಿ ದೀಪ ಎಷ್ಟು ಹೊತ್ತು ಉರಿಯಬೇಕೆಂದು ಲೆಕ್ಕ ಹಾಕಿ ಅಧಿಕಾರಿಗಳಿಗೆ ಬರೆದರು. ತಾನು ಎಂಜಿನಿಯರ್ ಎಂದು ಹೇಳಿಕೊಂಡಿದ್ದರು. ರಾಜ್ಯದ ಮಂಡಳಿ ಅದಕ್ಕೇ 500 ಡಾಲರ್ ದಂಡ ಹಾಕಿತು! ಕೋರ್ಟಿಗೆ ಹೋಗಿ 2018ರಲ್ಲಿ ಗೆದ್ದರು ಅನ್ನುವುದು ಬೇರೆ ಮಾತು. ಪರವಾನಗಿ ಬರುವ ತನಕ ಹೆಸರಿನ ಮುಂದೆ ಏನನ್ನು ಬರೆಯಬಹುದೆಂದು ನಿಮ್ಮ ರಾಜ್ಯದ ನಿಯಮ ನೋಡಿಕೊಂಡೇ ಬರೆಯಿರಿ.

ಮೆಟ್ಟಿಲುಗಳು ನಾಲ್ಕೇ. ಮಾನ್ಯತೆ ಪಡೆದ ಪದವಿ, ಎಫ್.ಇ. ಪರೀಕ್ಷೆ, ಪಿ.ಇ. ಇರುವವರ ಕೈಕೆಳಗೆ ಸಾಮಾನ್ಯವಾಗಿ ನಾಲ್ಕು ವರ್ಷದ ಅನುಭವ, ಆಮೇಲೆ ಪಿ.ಇ. ಪರೀಕ್ಷೆ. ಅಪ್ಪನೋ ಚಿಕ್ಕಪ್ಪನೋ ಮುದ್ರೆ ಇಟ್ಟುಕೊಂಡಿರುವ ಮನೆಯ ಹುಡುಗನಿಗೆ ಕಾಲೇಜಿನ ಕೊನೆಯ ವರ್ಷವೇ ಊಟದ ಮೇಜಿನಲ್ಲಿ ಯಾರೋ ಹೇಳುತ್ತಾರೆ: "ಓದಿದ್ದು ಮರೆಯೋ ಮೊದಲು ಎಫ್.ಇ. ಬರೆದು ಬಿಸಾಕು." ಕುಟುಂಬದಲ್ಲಿ ಮೊದಲ ಬಾರಿಗೆ ಕಾಲೇಜು ಹತ್ತಿದ ಕಪ್ಪು ಹುಡುಗಿಗೆ, ಮೆಕ್ಸಿಕೊದಿಂದ ಬಂದ ಕೂಲಿಯವರ ಮಗನಿಗೆ ಅದನ್ನು ಹೇಳುವವರಿಲ್ಲ. ಇಪ್ಪತ್ತೆಂಟಕ್ಕೋ ಮೂವತ್ತಕ್ಕೋ ಆಫೀಸಿನಲ್ಲಿ ಬಡ್ತಿ ತಪ್ಪಿದಾಗ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ಕ್ಯಾಲ್ಕುಲಸ್ ಮರೆತಿರುತ್ತದೆ, ಮನೆಯಲ್ಲಿ ಮಕ್ಕಳಿರುತ್ತಾರೆ.

ಬಾಗಿಲು ಮುಚ್ಚುವುದು ಹೊಸದೇನಲ್ಲ. ನೋರಾ ಸ್ಟಾಂಟನ್ ಬ್ಲಾಚ್ 1905ರಲ್ಲಿ ಕಾರ್ನೆಲ್‌ನಲ್ಲಿ ಸಿವಿಲ್ ಪದವಿ ಪಡೆದವರು. ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘ ಅವರನ್ನು ಕಿರಿಯ ಸದಸ್ಯೆಯಾಗಿ ಸೇರಿಸಿಕೊಂಡಿತು. ಮೇಲಿನ ದರ್ಜೆ ಕೇಳಿದಾಗ ಇಲ್ಲವೆಂದಿತು. ಅವರು 1916ರಲ್ಲಿ ಮೊಕದ್ದಮೆ ಹೂಡಿದರು, ಸೋತರು. ಅದೇ ಸಂಘ ಅವರಿಗೆ ಆ ಗೌರವ ಕೊಟ್ಟದ್ದು 2015ರಲ್ಲಿ. ಅವರು ತೀರಿಕೊಂಡು ದಶಕಗಳೇ ಕಳೆದಿದ್ದವು.

ಈಗ ನಮ್ಮವರ ಕಾಗದಪತ್ರಕ್ಕೆ ಬರೋಣ.

ಭಾರತದ ಪದವಿ ಇದ್ದವರು ಮೊದಲು ಬಿಡಬೇಕಾದ ಒಂದು ತಪ್ಪು ತಿಳಿವಳಿಕೆ ಇದೆ. 2014ರಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯನಾಯಿತು, ಇನ್ನು ನಮ್ಮ ಪದವಿ ಅಲ್ಲಿ ತಾನಾಗಿ ನಡೆಯುತ್ತದೆ ಅಂತ ಅನೇಕರು ನಂಬಿದ್ದಾರೆ. ಒಪ್ಪಂದ ಮಾಡಿಕೊಂಡದ್ದು ಪದವಿಗಳಿಗೆ ಮಾನ್ಯತೆ ಕೊಡುವ ಸಂಸ್ಥೆಗಳು. ಪರವಾನಗಿ ಕೊಡುವ ರಾಜ್ಯ ಮಂಡಳಿಗಳು ಅದಕ್ಕೆ ಕಟ್ಟುಬಿದ್ದಿಲ್ಲ. ಹೆಚ್ಚಿನ ಕಡೆ ಎನ್‌ಸಿಇಇಎಸ್‌ನಿಂದ ಪದವಿಯ ಮೌಲ್ಯಮಾಪನ ಮಾಡಿಸಲೇಬೇಕು. ಅವರು ವಿಷಯವಾರು ಲೆಕ್ಕ ಹಾಕುತ್ತಾರೆ: ಗಣಿತ ಮತ್ತು ಮೂಲ ವಿಜ್ಞಾನ 32 ಕ್ರೆಡಿಟ್, ಎಂಜಿನಿಯರಿಂಗ್ 48 ಕ್ರೆಡಿಟ್. ನಮ್ಮ ಬಿ.ಇ.ಯವರಿಗೆ ಎಂಜಿನಿಯರಿಂಗ್ ಕಡೆ ಬೇಕಾದಷ್ಟು ಇರುತ್ತದೆ. ಅನುಮಾನ ಬರುವುದು ಗಣಿತ-ವಿಜ್ಞಾನದ ಕಡೆ. ಕೊರತೆ ಬಿದ್ದರೆ ಕಂಗೆಡಬೇಡಿ. ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಒಂದೆರಡು ವಿಷಯ ಓದಿ ತುಂಬಬಹುದು. ಆದರೆ ಯಾವ ವಿಷಯ ನಡೆಯುತ್ತದೆಂದು ಮಂಡಳಿಯಿಂದ ಬರಹದಲ್ಲಿ ಉತ್ತರ ತರಿಸಿಕೊಂಡ ಮೇಲೆಯೇ ದುಡ್ಡು ಕಟ್ಟಿ.

ಮೌಲ್ಯಮಾಪನಕ್ಕೆ ವಿಶ್ವವಿದ್ಯಾಲಯದಿಂದಲೇ ನೇರವಾಗಿ ಹೋಗುವ ಟ್ರಾನ್ಸ್‌ಕ್ರಿಪ್ಟ್ ಬೇಕು, ಓದಿದ ಪ್ರತಿ ವಿಷಯದ ಪಠ್ಯಕ್ರಮವೂ ಬೇಕು. ಬೆಳಗಾವಿಯ ವಿಟಿಯು ಶುರುವಾದದ್ದು 1998ರಲ್ಲಿ. ಅದಕ್ಕೂ ಮೊದಲು ಓದಿದವರ ಕಾಲೇಜು ಮೈಸೂರು, ಬೆಂಗಳೂರು, ಕರ್ನಾಟಕ ಹೀಗೆ ಯಾವುದೋ ವಿಶ್ವವಿದ್ಯಾಲಯದ ಕೆಳಗಿತ್ತು. ಕಾಲೇಜು ಈಗ ವಿಟಿಯುಗೆ ಸೇರಿದ್ದರೂ ನಿಮ್ಮ ದಾಖಲೆ ಇರುವುದು ಹಳೆಯ ಕಡೆಯೇ. ಹಳೆಯ ಪಠ್ಯಕ್ರಮದ ಪುಸ್ತಕ ಕಾಲೇಜಿನ ಗ್ರಂಥಾಲಯದ ಮೂಲೆಯಲ್ಲೋ ನಿವೃತ್ತ ಮೇಷ್ಟರ ಅಟ್ಟದ ಮೇಲೋ ಸಿಕ್ಕಿದ್ದುಂಟು. ಊರಿಗೆ ಹೋಗುವ ರಜೆಯಲ್ಲಿ ಈ ಕೆಲಸಕ್ಕೆ ಎರಡು ದಿನ ಮೀಸಲಿಡಿ. ಅಮೆರಿಕದಲ್ಲಿ ಕೂತು ಇಮೇಲ್‌ನಲ್ಲಿ ಮುಗಿಸುತ್ತೇನೆ ಅಂದುಕೊಂಡವರು ವರ್ಷ ಕಳೆದಿದ್ದಾರೆ. ಕಾಲೇಜಿನ ಹಳೆಯ ಗುಮಾಸ್ತರೊಬ್ಬರ ಪರಿಚಯ ಇಂಥ ಹೊತ್ತಿನಲ್ಲಿ ಪ್ರಾಂಶುಪಾಲರ ಪರಿಚಯಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಒಂದು ಸಮಾಧಾನವೂ ಇದೆ. ಅನೇಕ ರಾಜ್ಯಗಳಲ್ಲಿ ಎಫ್.ಇ. ಬರೆಯಲು ಮೌಲ್ಯಮಾಪನ ಮುಗಿದಿರಬೇಕೆಂದಿಲ್ಲ. ಪರವಾನಗಿಯ ಅರ್ಜಿ ಹಾಕುವ ಹೊತ್ತಿಗೆ ಇದ್ದರೆ ಸಾಕು. ಎರಡನ್ನೂ ಜೊತೆಜೊತೆಗೇ ಶುರುಮಾಡಬಹುದು.

ಇನ್ನು ಹೆಸರು. ಇನಿಷಿಯಲ್ ಇರುವ ಕನ್ನಡಿಗರಿಗೆ ಇದು ದೊಡ್ಡ ತಲೆನೋವು. ಅಂಕಪಟ್ಟಿಯಲ್ಲಿ 'ಸುಮಾ ಕೆ.ಆರ್.', ಪಾಸ್‌ಪೋರ್ಟಿನಲ್ಲಿ 'ಸುಮಾ ಕಡೂರು ರಾಮಚಂದ್ರ', ಮದುವೆಯಾದ ಮೇಲೆ ಡ್ರೈವಿಂಗ್ ಲೈಸೆನ್ಸಿನಲ್ಲಿ ಗಂಡನ ಹೆಸರು. ಪಾಸ್‌ಪೋರ್ಟಿನ ಎರಡು ಖಾನೆಯಲ್ಲಿ ಒಂದು ಖಾಲಿ ಬಿಟ್ಟಿದ್ದವರಿಗೆ ವೀಸಾದಲ್ಲಿ ಮೊದಲ ಹೆಸರೇ 'ಎಫ್‌ಎನ್‌ಯು' ಅಂತ ಬಂದುಬಿಡುತ್ತದೆ. 'ಮೊದಲ ಹೆಸರು ಗೊತ್ತಿಲ್ಲ' ಅನ್ನುವುದರ ಸಂಕ್ಷಿಪ್ತ ರೂಪ ಅದು. ಆಮೇಲೆ ಬ್ಯಾಂಕು, ಆಸ್ಪತ್ರೆ, ಆಫೀಸು ಎಲ್ಲ ಕಡೆಯೂ ಅದೇ ಹೆಸರಿನಿಂದ ಕರೆಯುತ್ತಾರೆ. ಪರೀಕ್ಷೆಯ ಖಾತೆಯಲ್ಲಿ ಮೊದಲ ಮತ್ತು ಕೊನೆಯ ಹೆಸರು ಅಂದು ನೀವು ಒಯ್ಯುವ ಗುರುತಿನ ಚೀಟಿಯಲ್ಲಿ ಇದ್ದಂತೆಯೇ ಇರಬೇಕು. ಅಂಕಪಟ್ಟಿಯ ಹೆಸರು ಬೇರೆಯಿದ್ದರೆ, ಇಬ್ಬರೂ ಒಬ್ಬರೇ ಅನ್ನುವ ಅಫಿಡವಿಟ್ ಊರಿನಲ್ಲಿ ನೋಟರಿಯಿಂದ ಮಾಡಿಸಿ ಇಟ್ಟುಕೊಂಡಿರಿ. ಅಷ್ಟೇ ಸಾಕೆ ಎಂದು ಮೌಲ್ಯಮಾಪನ ಮಾಡುವವರನ್ನು ಮೊದಲೇ ಕೇಳಿಕೊಳ್ಳಿ.

ಪೌರತ್ವ ಇಲ್ಲದವರಿಗೆ ಪರವಾನಗಿ ಸಿಗುವುದಿಲ್ಲ ಅನ್ನುವ ಮಾತು ಇನ್ನೂ ಓಡಾಡುತ್ತದೆ. ಒಂದು ಕಾಲಕ್ಕೆ ನಿಜವಾಗಿತ್ತು. ಪೋರ್ಟೊರಿಕೊದಲ್ಲಿ ಅಮೆರಿಕದ ಪೌರರಿಗೆ ಮಾತ್ರ ಸಿವಿಲ್ ಎಂಜಿನಿಯರ್ ಪರವಾನಗಿ ಎಂಬ ಕಾನೂನಿತ್ತು. ಮೆಕ್ಸಿಕೊ ಮೂಲದ ಫ್ಲೋರೆಸ್ ದೆ ಓತೆರೊ ಎಂಬ ಮಹಿಳೆ ಅದನ್ನು ಪ್ರಶ್ನಿಸಿದರು. 1976ರಲ್ಲಿ ಸುಪ್ರೀಂ ಕೋರ್ಟು ಆ ನಿರ್ಬಂಧವನ್ನು ತೆಗೆದುಹಾಕಿತು. ನ್ಯೂಯಾರ್ಕಿನಲ್ಲಿ ಎಚ್-1ಬಿಯಂಥ ವೀಸಾದಲ್ಲಿದ್ದ ಫಾರ್ಮಸಿಸ್ಟರಿಗೆ ಪರವಾನಗಿ ಕೊಡದ ನಿಯಮವನ್ನು 2012ರಲ್ಲಿ ಮೇಲ್ಮನವಿ ನ್ಯಾಯಾಲಯ ರದ್ದು ಮಾಡಿತು. ಆ ಮೊಕದ್ದಮೆಗೆ ನಮ್ಮ ನೆರೆಯ ಆಂಧ್ರದ ಕಡೆಯ ಮನೆತನದ ಹೆಸರೇ ಇದೆ: ದಂಡಮೂಡಿ.

ಉಳಿದಿರುವ ತೊಡಕು ಸೋಷಿಯಲ್ ಸೆಕ್ಯುರಿಟಿ ನಂಬರಿನದು. ಎಂಜಿನಿಯರ್ ಪರವಾನಗಿಗೆ ಆ ನಂಬರ್ ಯಾಕೆ ಅಂದರೆ, ಹೆಂಡತಿ ಮಕ್ಕಳನ್ನು ಬಿಟ್ಟುಹೋದವರಿಂದ ಮಕ್ಕಳ ಜೀವನಾಂಶ ವಸೂಲು ಮಾಡುವುದಕ್ಕೆ! 1996ರ ಫೆಡರಲ್ ಕಾನೂನಿನಿಂದ ಬಂದ ಖಾನೆ ಅದು. ಆ ನಂಬರ್ ಇಲ್ಲದವರಿಂದ ತೆರಿಗೆ ಗುರುತಿನ ಸಂಖ್ಯೆಯನ್ನು ಒಪ್ಪುವ ರಾಜ್ಯಗಳೂ ಇವೆ, ಕ್ಯಾಲಿಫೋರ್ನಿಯ ಅವುಗಳಲ್ಲೊಂದು. ಎಚ್-4 ವೀಸಾದಲ್ಲಿ ಗಂಡನ ಜೊತೆ ಬಂದು ಮನೆಯಲ್ಲಿ ಕೂತಿರುವ ಎಂಜಿನಿಯರ್ ಹೆಣ್ಣುಮಕ್ಕಳು ಇದನ್ನು ಗಮನಿಸಬೇಕು. ಅವರಲ್ಲಿ ಕೆಲವರಿಗೆ 2015ರಿಂದ ಕೆಲಸದ ಅನುಮತಿ ಸಿಗುತ್ತಿದೆ. ಸಿಗದವರೂ ಕಾಯುತ್ತಾ ಕೂರಬೇಕಿಲ್ಲ. ಪರೀಕ್ಷೆ ಬರೆಯುವುದು ಉದ್ಯೋಗವಲ್ಲ. ಅನುಮತಿ ಕೈಗೆ ಬರುವ ದಿನ ಎಫ್.ಇ. ಆಗಿರುವವಳಿಗೂ ಆಗದಿರುವವಳಿಗೂ ಸಂದರ್ಶನದಲ್ಲಿ ಬಹಳ ಅಂತರ.

ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಓದಿದವರಿಗೆ ಆಗುತ್ತದೆ. ಎಫ್.ಇ. 110 ಪ್ರಶ್ನೆ, ಬರೆಯಲು 5 ಗಂಟೆ 20 ನಿಮಿಷ, ವರ್ಷವಿಡೀ ಕಂಪ್ಯೂಟರಿನಲ್ಲಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಒಂದನ್ನೂ ಖಾಲಿ ಬಿಡಬೇಡಿ. ಸೂತ್ರಗಳ ಕೈಪಿಡಿ ಪರದೆಯ ಮೇಲೆಯೇ ತೆರೆದಿರುತ್ತದೆ. ಅದೇ ಕೈಪಿಡಿಯನ್ನು ಪುಕ್ಕಟೆಯಾಗಿ ಇಳಿಸಿಕೊಂಡು ಮೊದಲ ದಿನದಿಂದ ಅದರಲ್ಲೇ ಅಭ್ಯಾಸ ಮಾಡಿ. ಸೂತ್ರ ಬಾಯಿಪಾಠ ಮಾಡುವ ನಮ್ಮ ಚಟ ಇಲ್ಲಿ ನಡೆಯುವುದಿಲ್ಲ, ಯಾವ ಪುಟದಲ್ಲಿದೆ ಅನ್ನುವುದು ಗೊತ್ತಿರಬೇಕು. ಅನುಮತಿ ಇರುವ ಕ್ಯಾಲ್ಕುಲೇಟರ್‌ಗಳ ಪಟ್ಟಿಯಲ್ಲಿ ಕ್ಯಾಸಿಯೊ ಎಫ್‌ಎಕ್ಸ್-991 ಇದೆ. ಹೌದು, ಕಾಲೇಜಿನಲ್ಲಿ ಮುಚ್ಚಳದ ಒಳಗೆ ಹೆಸರು ಗೀಚಿಕೊಂಡಿದ್ದಿರಲ್ಲ, ಅದೇ. ಊರಿನ ಪೆಟ್ಟಿಗೆಯಿಂದ ತರಿಸಿಕೊಳ್ಳಿ, ಬೆರಳಿಗೆ ಗುರುತಿದೆ.

ಅಳತೆಗಳೇ ನಮ್ಮವರನ್ನು ಕಾಡುವುದು. ಸೈಟಿನಲ್ಲಿ 12 ಎಂಎಂ ಸರಳು ಅಂದವರಿಗೆ ಅಲ್ಲಿ 'ನಾಲ್ಕನೇ ನಂಬರ್', ಅಂದರೆ ಇಂಚಿನ ಎಂಟನೇ ನಾಲ್ಕು ಭಾಗ. ಕಾಂಕ್ರೀಟಿನಲ್ಲಿ ಇನ್ನೂ ದೊಡ್ಡ ಗುಂಡಿ ಇದೆ. ನಮ್ಮ ಎಂ-25 ಅಂದರೆ 150 ಎಂಎಂ ಘನವನ್ನು ಒತ್ತಿ ಪಡೆದ ಬಲ. ಅಲ್ಲಿ ಒತ್ತುವುದು 6 ಇಂಚು ಅಗಲ, 12 ಇಂಚು ಎತ್ತರದ ಸಿಲಿಂಡರನ್ನು. ಅದೇ ಕಾಂಕ್ರೀಟು ಸಿಲಿಂಡರಿನಲ್ಲಿ ಸುಮಾರು ಐದನೇ ಒಂದು ಪಾಲು ಕಡಿಮೆ ತೋರಿಸುತ್ತದೆ. 25ನ್ನು ನೇರವಾಗಿ ಅವರ ಅಳತೆಗೆ ತಿರುಗಿಸಿದರೆ 3,600 ಪಿಎಸ್ಐ ಬರುತ್ತದೆ, ನಿಜವಾದ ಹೋಲಿಕೆ 2,900ರ ಆಸುಪಾಸು. ಎಫ್.ಇ.ಯಲ್ಲಿ ಎರಡೂ ಅಳತೆ ಬರುತ್ತವೆ. ಪಿ.ಇ. ಸಿವಿಲ್‌ನಲ್ಲಿ ಅಡಿ-ಪೌಂಡಿನದೇ ರಾಜ್ಯ. ಪಿ.ಇ. ಸಿವಿಲ್ 80 ಪ್ರಶ್ನೆ, 8 ಗಂಟೆ. ನೈತಿಕತೆ ಮತ್ತು ಎಂಜಿನಿಯರಿಂಗ್ ಅರ್ಥಶಾಸ್ತ್ರದ ಪ್ರಶ್ನೆಗಳನ್ನು ಎಫ್.ಇ.ಯಲ್ಲಿ ತಾತ್ಸಾರ ಮಾಡಬೇಡಿ, ಸುಲಭಕ್ಕೆ ಸಿಗುವ ಅಂಕ ಅವು.

ಫೇಲಾದರೆ? ಯಾವ ವಿಷಯದಲ್ಲಿ ಎಷ್ಟು ಹಿಂದೆ ಬಿದ್ದಿರಿ ಅನ್ನುವ ವರದಿ ಕೊಡುತ್ತಾರೆ. ಅದನ್ನು ಗೋಡೆಗೆ ಅಂಟಿಸಿ ಆ ವಿಷಯಗಳನ್ನಷ್ಟೇ ಓದಿ. ಎರಡನೇ ಬಾರಿ ಬರೆಯುವವರ ತೇರ್ಗಡೆ ಪ್ರಮಾಣ ಮೊದಲ ಬಾರಿಯವರಿಗಿಂತ ಕಡಿಮೆ. ಅದೇ ಪುಸ್ತಕವನ್ನು ಅದೇ ರೀತಿ ಮತ್ತೊಮ್ಮೆ ಓದುವುದೇ ಇದಕ್ಕೆ ಕಾರಣ ಅಂತ ನನಗನ್ನಿಸುತ್ತದೆ. ಹನ್ನೆರಡು ತಿಂಗಳಲ್ಲಿ ಮೂರು ಅವಕಾಶ ಮಾತ್ರ.

ನಿಜವಾದ ಗುಡ್ಡ ಇರುವುದು ಅನುಭವದ ನಾಲ್ಕು ವರ್ಷದಲ್ಲಿ. ವರ್ಷ ಕಳೆದರೆ ಸಾಲದು, ಮಾಡಿದ ಕೆಲಸದ ತೂಕ ಏರುತ್ತಾ ಹೋಗಿರಬೇಕು. ತೀರ್ಮಾನ ನಿಮ್ಮದಾಗಿರಬೇಕು. ಇಲ್ಲೇ ಸದ್ದಿಲ್ಲದೆ ತಾರತಮ್ಯ ನಡೆಯುವುದು. ಸಭೆಯ ಟಿಪ್ಪಣಿ ಬರೆಯುವುದು, ಗುತ್ತಿಗೆದಾರರ ಜೊತೆ ಫೋನು, ಕಡತ ಜೋಡಿಸುವುದು ಹುಡುಗಿಯ ಪಾಲಿಗೆ. ವಲಸಿಗನಿಗೆ ಉಚ್ಚಾರಣೆಯ ನೆಪ ಹೇಳಿ ಗ್ರಾಹಕರ ಮುಂದೆ ಕೂರಿಸದೆ ಹಿಂದಿನ ಕೋಣೆಯಲ್ಲಿ ಮಾಡೆಲ್ ಬಿಡಿಸಲು ಹಚ್ಚುತ್ತಾರೆ. ಯಾರೂ ಬಯ್ಯುವುದಿಲ್ಲ, ಎಲ್ಲರೂ ನಗುನಗುತ್ತಾ ಮಾತಾಡುತ್ತಾರೆ. ನಾಲ್ಕು ವರ್ಷದ ಕೊನೆಗೆ ಅರ್ಜಿಯಲ್ಲಿ ಬರೆಯಲು ಕೂತಾಗ 'ಸಹಾಯ ಮಾಡಿದೆ', 'ಸಮನ್ವಯ ಮಾಡಿದೆ' ಬಿಟ್ಟರೆ ಕ್ರಿಯಾಪದವೇ ಸಿಗುವುದಿಲ್ಲ.

ಆದ್ದರಿಂದ ಮೊದಲ ತಿಂಗಳಿನಿಂದಲೇ ಒಂದು ದಿನಚರಿ ಇಡಿ. 'ಮಳೆನೀರು ವಿನ್ಯಾಸಕ್ಕೆ ನೆರವಾದೆ' ಅಂತ ಬರೆಯಬೇಡಿ. 'ಬಡಾವಣೆಯ ಮಳೆನೀರಿನ ಹರಿವು ಲೆಕ್ಕ ಹಾಕಿದೆ, 18 ಇಂಚಿನ ಕೊಳವೆ ಸಾಲದೆಂದು ಕಂಡು 24 ಇಂಚಿನದನ್ನು ಸೂಚಿಸಿದೆ, ಇಳಿಜಾರು ನಿರ್ಧರಿಸಿದೆ, ಮೇಲಧಿಕಾರಿ ಒಪ್ಪಿದರು' ಅಂತ ಬರೆಯಿರಿ. ಆರು ತಿಂಗಳಿಗೊಮ್ಮೆ ಅದನ್ನು ಮೇಲಿನ ಪಿ.ಇ. ಮುಂದೆ ಇಟ್ಟು, "ಲೈಸೆನ್ಸಿಗೆ ಇಂಥ ಕೆಲಸ ಇನ್ನೂ ಬೇಕು, ಮುಂದಿನ ಪ್ರಾಜೆಕ್ಟಿನಲ್ಲಿ ಕೊಡುತ್ತೀರಾ?" ಅಂತ ನೇರ ಕೇಳಿ. ಕೇಳುವುದು ಅಹಂಕಾರವಲ್ಲ. ಅಲ್ಲಿ ಕೇಳದವರಿಗೆ ಬೇಡವೆಂದೇ ಲೆಕ್ಕ.

ಕೆಲಸ ಬಿಡುವ ಮುನ್ನ ಆ ಕಚೇರಿಯ ಅನುಭವಕ್ಕೆ ಸಹಿ ಮಾಡಿಸಿಕೊಳ್ಳಿ. ಎನ್‌ಸಿಇಇಎಸ್‌ನಲ್ಲಿ 'ರೆಕಾರ್ಡ್' ಎಂಬ ಖಾತೆ ಇದೆ. ಪ್ರತಿ ಕೆಲಸದ ವಿವರವನ್ನು ಆಗಾಗಲೇ ಅದರಲ್ಲಿ ತುಂಬಿ ಮೇಲಧಿಕಾರಿಯಿಂದ ದೃಢೀಕರಣ ಮಾಡಿಸಿ ಇಡಬಹುದು. ವೀಸಾದ ಒತ್ತಡದಲ್ಲಿ ಮೂರು ವರ್ಷದಲ್ಲಿ ಮೂರು ಕಂಪನಿ ಬದಲಿಸಿದವರಿಗೆ ಇದು ಪ್ರಾಣ ಉಳಿಸುತ್ತದೆ. ಮೇಲಧಿಕಾರಿ ನಿವೃತ್ತರಾಗುತ್ತಾರೆ, ಊರು ಬಿಡುತ್ತಾರೆ, ಕೆಲವರು ತೀರಿಯೇ ಹೋಗುತ್ತಾರೆ. ಕರ್ನಾಟಕದಲ್ಲಿ ಮಾಡಿದ ಕೆಲಸವನ್ನು ಎಣಿಸುವ ರಾಜ್ಯಗಳೂ ಇವೆ. ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ನಿಮ್ಮ ಹಳೆಯ ಸಾಹೇಬರಿಗೆ ಇಂಗ್ಲಿಷಿನಲ್ಲಿ ಒಂದು ಕೊಂಡಿ ಇಮೇಲ್‌ನಲ್ಲಿ ಬಂದರೆ ಅದನ್ನು ಮೋಸದ ಸಂದೇಶ ಅಂದುಕೊಂಡು ಅಳಿಸಿಬಿಡುತ್ತಾರೆ. ಮೊದಲು ಫೋನು ಮಾಡಿ, "ಸಾರ್, ಹೀಗೊಂದು ಬರುತ್ತೆ, ಮೊಮ್ಮಗನ ಕೈಲಿ ತೆಗೆಸಿ ನೋಡಿ" ಅಂತ ಹೇಳಿಡಿ.

ಯಾವ ರಾಜ್ಯದಲ್ಲಿ ಅರ್ಜಿ ಹಾಕುವುದು ಎಂಬುದೂ ಯೋಚಿಸಬೇಕಾದ ವಿಷಯ. ಟೆಕ್ಸಾಸ್, ನೆವಾಡದಂಥ ಕಡೆ ನಾಲ್ಕು ವರ್ಷ ತುಂಬುವ ಮೊದಲೇ ಪಿ.ಇ. ಪರೀಕ್ಷೆ ಬರೆಯಬಹುದು. ಓದಿನ ಅಭ್ಯಾಸ ಇರುವಾಗಲೇ ಮುಗಿಸಿ, ಅನುಭವ ತುಂಬಿದ ಮೇಲೆ ಪರವಾನಗಿ ಕೇಳುವುದು. ಕ್ಯಾಲಿಫೋರ್ನಿಯದಲ್ಲಿ ಅಮೆರಿಕದ ಮಾನ್ಯ ಪದವಿ ಇದ್ದವರಿಗೆ ಎರಡೇ ವರ್ಷದ ಅನುಭವ ಸಾಕು, ಆದರೆ ಸಿವಿಲ್‌ನವರು ಭೂಕಂಪ ಮತ್ತು ಸರ್ವೆಯ ಎರಡು ಪರೀಕ್ಷೆ ಹೆಚ್ಚಿಗೆ ಬರೆಯಬೇಕು. ನಿಯಮಗಳು ಬದಲಾಗುತ್ತಿರುತ್ತವೆ. ಗೆಳೆಯ ಹೇಳಿದ್ದನ್ನು ನಂಬದೆ ಮಂಡಳಿಯ ಜಾಲತಾಣವನ್ನೇ ನೋಡಿ.

ದುಡ್ಡಿನ ಲೆಕ್ಕ: ಎರಡು ಪರೀಕ್ಷೆ, ಮೌಲ್ಯಮಾಪನ, ಅರ್ಜಿ ಶುಲ್ಕ ಸೇರಿ ಸಾವಿರ ಡಾಲರ್ ದಾಟುತ್ತದೆ. ಕೋಚಿಂಗ್ ಸೇರಿದರೆ ಅದರ ದುಪ್ಪಟ್ಟೂ ಆದೀತು. ಅನೇಕ ಕನ್ಸಲ್ಟಿಂಗ್ ಕಂಪನಿಗಳು ಇದನ್ನು ಭರಿಸುತ್ತವೆ, ಆದರೆ ತಾವಾಗಿ ಹೇಳುವುದಿಲ್ಲ. ಕೆಲಸಕ್ಕೆ ಸೇರುವಾಗಲೇ ಕೇಳಿ.

ಕೊನೆಗೆ ಜನ. ಪರಿಚಯವಿಲ್ಲದವರಿಗೆ ಪರಿಚಯ ಕಟ್ಟಿಕೊಡಲೆಂದೇ ಹುಟ್ಟಿದ ಸಂಘಗಳಿವೆ. ಮಹಿಳಾ ಎಂಜಿನಿಯರುಗಳ ಸಂಘ 1950ರಿಂದ, ಹಿಸ್ಪಾನಿಕ್ ಎಂಜಿನಿಯರುಗಳದು 1974ರಿಂದ, ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಶುರುವಾದ ಕಪ್ಪು ಎಂಜಿನಿಯರುಗಳದು 1975ರಿಂದ. ಇವು ಹೊರಗಿನವರಿಗೆ ಬಾಗಿಲು ಹಾಕಿಲ್ಲ. ನಮ್ಮವರು ಅಲ್ಲಿಗೆ ಹೋಗಲು ಯಾಕೋ ಹಿಂಜರಿಯುತ್ತಾರೆ.

ಎನ್‌ಸಿಇಇಎಸ್ ರೆಕಾರ್ಡಿಗೆ ಐದು ಜನರ ಶಿಫಾರಸು ಬೇಕು. ಅದರಲ್ಲಿ ಮೂವರು ನಿಮ್ಮ ಕೆಲಸ ಬಲ್ಲ ಪಿ.ಇ.ಗಳಾಗಿರಬೇಕು. ಆ ಮೂವರನ್ನು ಹುಡುಕುವುದರಲ್ಲೇ ಎಷ್ಟೋ ಅರ್ಜಿ ನಿಂತಿವೆ. ಕನ್ನಡ ಕೂಟದ ಯುಗಾದಿ ಊಟದಲ್ಲಿ ಸಿಕ್ಕ ಹಿರಿಯರು ನಿಮ್ಮ ಕೆಲಸ ನೋಡದೆ ಸಹಿ ಹಾಕುವಂತಿಲ್ಲ, ಹಾಕಲೂಬಾರದು. ಆದರೆ ಅವರು ದಿನಚರಿ ಓದಿ ತಿದ್ದಬಹುದು, ತಮ್ಮ ಕಚೇರಿಯಲ್ಲಿ ಜಾಗ ಇದ್ದರೆ ಹೇಳಬಹುದು, ಮನೆಯಲ್ಲಿ ಕೂತಿರುವ ಎಂಜಿನಿಯರ್ ಸೊಸೆಯಂದಿರಿಗೆ ಎಫ್.ಇ. ಅಂದರೇನು ಅಂತ ಒಂದು ಮಧ್ಯಾಹ್ನ ಕೂತು ವಿವರಿಸಬಹುದು. ಪಿ.ಇ. ಮುದ್ರೆ ಇಟ್ಟುಕೊಂಡಿರುವ ಕನ್ನಡಿಗರು ಮುಂದಿನ ಕೂಟದಲ್ಲಿ ಹಾಡು ಕುಣಿತದ ಮಧ್ಯೆ ಹತ್ತು ನಿಮಿಷ ಕೇಳಿ ಪಡೆದು ತಾವು ಯಾರು, ಎಲ್ಲಿದ್ದೇವೆ ಅಂತ ಎದ್ದುನಿಂತು ಹೇಳಲಿ.

ಅಂದು ವಾಪಸಾಗಿದ್ದ ಹೆಣ್ಣುಮಗಳು ಖಾತೆಯ ಹೆಸರು ತಿದ್ದಿಸಿ, ಇನ್ನೊಮ್ಮೆ ಶುಲ್ಕ ಕಟ್ಟಿ, ಎಫ್.ಇ. ಪಾಸು ಮಾಡಿದ್ದಾಳೆ. ಈಗ ಅವಳಿಗೆ ಮೂವರಲ್ಲಿ ಇಬ್ಬರು ಸಿಕ್ಕಿದ್ದಾರೆ.